ಯೋಗವನ್ನು ಪ್ರಯೋಗಶಾಲೆಗೆ ಕರೆತಂದ ಸ್ವಾಮಿ ಕುವಲಯಾನಂದ

1927ರ ಬೇಸಿಗೆ. ಮಹಾತ್ಮ ಗಾಂಧಿ ಅವರು ನಂದಿ ಬೆಟ್ಟದ ತಂಪಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ವಿಶ್ರಾಂತಿ ಅವರಾಗಿ ಬಯಸಿದ್ದಲ್ಲ, ವೈದ್ಯರು ವಿಧಿಸಿದ್ದು. ಖಾದಿ ಪ್ರಚಾರಕ್ಕಾಗಿ ಊರಿಂದೂರಿಗೆ ಬಿಡುವಿಲ್ಲದೆ ಸುತ್ತುತ್ತಿದ್ದ 57 ವರ್ಷದ ಅವರ ದೇಹ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಕೊಲ್ಹಾಪುರದ ಕಡೆಯ ಪ್ರವಾಸದಲ್ಲಿದ್ದಾಗ ಇನ್ನು ಸಾಧ್ಯವಿಲ್ಲವೆಂದು ಕೈಚೆಲ್ಲಿತ್ತು. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿತ್ತು. ಅತಿಯಾದ ದುಡಿಮೆಯೇ ಇದಕ್ಕೆ ಕಾರಣವೆಂದು ವೈದ್ಯರು ನಿರ್ಣಯಿಸಿದರು. ಮೈಸೂರು ಸಂಸ್ಥಾನದ ಅತಿಥಿಯಾಗಿ ಮೊದಲು ನಂದಿಯಲ್ಲಿ, ಆಮೇಲೆ ಜೂನ್ ತಿಂಗಳಿಂದ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಅವರು ಕಳೆದ ಆ ದಿನಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆಯಲಾಗಿದೆ. ಅಷ್ಟಾಗಿ ಗಮನಕ್ಕೆ ಬಾರದ ಒಂದು ಸಂಗತಿಯೆಂದರೆ, ಆ ಅವಧಿಯಲ್ಲಿ ಗಾಂಧೀಜಿ ಲೋನಾವಳದ ಒಬ್ಬ ಯೋಗಿಯೊಡನೆ ಪತ್ರವ್ಯವಹಾರ ನಡೆಸುತ್ತಿದ್ದರು. ತಮ್ಮ ಆರೋಗ್ಯದ ಸ್ಥಿತಿಗತಿಯನ್ನು ತಿಳಿಸಿ, ಯಾವ ಆಸನ ಮಾಡಬಹುದು, ಯಾವುದನ್ನು ಬಿಡಬೇಕು ಎಂಬ ಬಗ್ಗೆ ಸಲಹೆ ಪಡೆಯುತ್ತಿದ್ದರು.

ಆ ಯೋಗಿಯೇ ಸ್ವಾಮಿ ಕುವಲಯಾನಂದ. ಪೂರ್ವಾಶ್ರಮದ ಹೆಸರು ಜಗನ್ನಾಥ ಗಣೇಶ ಗುಣೆ. ರಕ್ತದೊತ್ತಡದ ರೋಗಿಯೊಬ್ಬರಿಗೆ ಆಸನಗಳ ಸಲಹೆ ನೀಡಲು ಅವರಲ್ಲಿ ಗುರುಪರಂಪರೆಯ ಬಲವಲ್ಲದೆ ಬೇರೊಂದು ಬಲವೂ ಇತ್ತು. ಸರ್ವಾಂಗಾಸನ, ಮತ್ಸ್ಯಾಸನ, ವಿಪರೀತಕರಣಿ, ಶೀರ್ಷಾಸನಗಳಲ್ಲಿ ಮನುಷ್ಯನ ರಕ್ತದೊತ್ತಡ ಹೇಗೆ ವ್ಯತ್ಯಾಸವಾಗುತ್ತದೆ ಎಂಬುದನ್ನು ಅವರು ಆ ವೇಳೆಗಾಗಲೇ ಉಪಕರಣವಿಟ್ಟು ಅಳೆದು, ಫಲಿತಾಂಶವನ್ನು ಅಚ್ಚು ಹಾಕಿಸಿದ್ದರು.

ಇಂದು ಯೋಗ ಮಾಡಿದರೆ ಮಾನಸಿಕ ಒತ್ತಡ ತಗ್ಗುತ್ತದೆ, ಏಕಾಗ್ರತೆ ಹೆಚ್ಚುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ಮಾತು ಕೇಳದ ನೌಕರವರ್ಗವಿಲ್ಲ. ಬೆಂಗಳೂರಿನ ಕಂಪನಿಗಳ ಸಭಾಂಗಣಗಳಲ್ಲಿ, ಬ್ಯಾಂಕು, ಪೊಲೀಸ್ ಇಲಾಖೆಗಳ ತರಬೇತಿ ಶಿಬಿರಗಳಲ್ಲಿ ಚಾಪೆ ಹಾಸುವುದು ಈಗ ಸಾಮಾನ್ಯ. 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಗಿಯೂ ಆಗಿದೆ. ಆದರೆ ಈ ಮಾತುಗಳಲ್ಲಿ ಎಷ್ಟು ನಿಜ ಎಂದು ಅಳೆದು ನೋಡಬೇಕೆಂದು ನೂರು ವರ್ಷಗಳ ಹಿಂದೆ ಹೊರಟವರು, ಅದೂ ಯೋಗದೊಳಗಿನಿಂದಲೇ ಹೊರಟವರು, ಬಹಳ ಮಂದಿ ಇರಲಿಲ್ಲ. ಅಳೆಯುವುದೆಂದರೆ ತನ್ನ ನಂಬಿಕೆಗೆ ವಿರುದ್ಧವಾದ ಉತ್ತರ ಬರುವುದಕ್ಕೂ ಸಿದ್ಧವಾಗಿರುವುದು. ಕುವಲಯಾನಂದರ ಬದುಕಿನ ಸ್ವಾರಸ್ಯವೂ ಸಂಕಟವೂ ಅಲ್ಲಿದೆ.

ಬಡತನ, ಸಂಸ್ಕೃತ, ಗರಡಿ

ಜಗನ್ನಾಥ ಗುಣೆ ಜನಿಸಿದ್ದು 1883ರ ಆಗಸ್ಟ್ 30ರಂದು, ಬರೋಡ ಸಂಸ್ಥಾನಕ್ಕೆ ಸೇರಿದ್ದ ಡಭೋಯಿ ಎಂಬ ಊರಿನಲ್ಲಿ. ಮನೆಮಾತು ಮರಾಠಿ. ತಂದೆ ಗಣೇಶ ಗುಣೆ ಉಪಾಧ್ಯಾಯರು, ತಾಯಿ ಸರಸ್ವತಿ. ಮನೆಯಲ್ಲಿ ಅನುಕೂಲವಿರಲಿಲ್ಲ. ಓದಿಗೆ ಆಸರೆಯಾದದ್ದು ಅವರ ಸಂಸ್ಕೃತ. 1903ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಜಗನ್ನಾಥ ಶಂಕರಶೇಟ್ ಸಂಸ್ಕೃತ ವಿದ್ಯಾರ್ಥಿವೇತನವನ್ನು ಗಳಿಸಿದರು. ಆ ಕಾಲದ ಮುಂಬಯಿ ಪ್ರಾಂತ್ಯದಲ್ಲಿ ಸಂಸ್ಕೃತ ಕಲಿತ ಯಾವ ವಿದ್ಯಾರ್ಥಿಗೂ ಅದಕ್ಕಿಂತ ದೊಡ್ಡ ಗೌರವ ಸಿಗುವುದು ದುರ್ಲಭವಾಗಿತ್ತು. ಆ ಬಲದಿಂದ ಬರೋಡ ಕಾಲೇಜು ಸೇರಿ 1910ರಲ್ಲಿ ಪದವೀಧರರಾದರು.

ಬರೋಡದಲ್ಲಿ ಅವರ ಮೇಲೆ ಎರಡು ಪ್ರಭಾವಗಳಾದವು. ಅರವಿಂದ ಘೋಷರು ಆಗ ಅದೇ ಕಾಲೇಜಿನಲ್ಲಿದ್ದರು. 1906ರಲ್ಲಿ ಬರೋಡ ಬಿಟ್ಟು ಕಲ್ಕತ್ತೆಯ ರಾಜಕೀಯಕ್ಕೆ ಧುಮುಕಿದ ಅವರ ಹಾಗೂ ಲೋಕಮಾನ್ಯ ತಿಲಕರ ವಿಚಾರಗಳು ತರುಣ ಗುಣೆಯವರನ್ನು ರಾಷ್ಟ್ರೀಯತೆಯ ಕಡೆಗೆ ಸೆಳೆದವು. ಆಜೀವ ಬ್ರಹ್ಮಚರ್ಯ ಮತ್ತು ಜನಸೇವೆಯ ಸಂಕಲ್ಪ ಮಾಡಿದ್ದು ಆ ದಿನಗಳಲ್ಲಿಯೇ. ಎರಡನೆಯದು ರಾಜರತ್ನ ಮಾಣಿಕರಾವ್ ಅವರ ಗರಡಿ. ಬರೋಡದ ಜುಮ್ಮಾದಾದಾ ವ್ಯಾಯಾಮಶಾಲೆಯಲ್ಲಿ 1907ರಿಂದ 1910ರವರೆಗೆ ಗುಣೆ ಅವರು ದೇಶೀ ವ್ಯಾಯಾಮ ಪದ್ಧತಿಯನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಪರತಂತ್ರ ದೇಶದ ತರುಣರ ದುರ್ಬಲ ದೇಹ ಕಂಡು ಮರುಗುತ್ತಿದ್ದ ಕಾಲವದು. ದೇಹ ಬಲವಾಗದೆ ದೇಶ ಬಲವಾಗದು ಎಂಬ ಭಾವನೆ ಆಗಿನ ಗರಡಿಮನೆಗಳ ಉಸಿರಾಗಿತ್ತು. ಯೋಗದ ಕಡೆಗೆ ಗುಣೆ ಬಂದದ್ದು ಈ ವ್ಯಾಯಾಮದ ಹಾದಿಯಿಂದ ಎಂಬುದನ್ನು ಮರೆತರೆ ಅವರ ಮುಂದಿನ ಕೆಲಸ ಅರ್ಥವಾಗುವುದಿಲ್ಲ. ಗುಹೆಯನ್ನು ಅರಸಿ ಹೋದವರಲ್ಲ ಅವರು.

ಪದವಿಯ ನಂತರ ಅಧ್ಯಾಪನ. ಖಾನದೇಶದ ಅಮಲನೇರಿನಲ್ಲಿ ಅಲ್ಲಿನ ಶಿಕ್ಷಣ ಸಂಸ್ಥೆಯ ಕೆಲಸಕ್ಕೆ ಸೇರಿ, ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾದರು. (ಎರಡು ದಶಕಗಳ ನಂತರ, 1945ರಲ್ಲಿ, ಇದೇ ಅಮಲನೇರಿನಲ್ಲಿ ಅಡುಗೆ ಎಣ್ಣೆಯ ಕಾರ್ಖಾನೆಯಾಗಿ ಶುರುವಾದದ್ದು ವಿಪ್ರೊ. ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ಒತ್ತಡಕ್ಕೂ ಅದರ ಪರಿಹಾರಕ್ಕೂ ಒಂದೇ ಸಣ್ಣ ಊರಿನ ನಂಟು ಇರುವುದು ಬರೀ ಕಾಕತಾಳೀಯ.) ಅಸಹಕಾರ ಚಳವಳಿಯ ಆ ವರ್ಷಗಳಲ್ಲಿ ರಾಷ್ಟ್ರೀಯ ಕಾಲೇಜುಗಳನ್ನು ಸರ್ಕಾರ ಅನುಮಾನದಿಂದಲೇ ನೋಡುತ್ತಿತ್ತು. 1923ರಲ್ಲಿ ಆ ಕಾಲೇಜು ಮುಚ್ಚಿತು. 40ನೆಯ ವಯಸ್ಸಿಗೆ ಗುಣೆ ಅವರ ಕೈಯಲ್ಲಿ ಕೆಲಸವಿರಲಿಲ್ಲ. ಆದರೆ ಆ ಹೊತ್ತಿಗೆ ಅವರ ತಲೆ ತುಂಬಾ ಬೇರೊಂದು ಕೆಲಸವಿತ್ತು.

ನರ್ಮದಾ ತೀರದ ಗುರು

1919ರಲ್ಲಿ ಅವರು ಬರೋಡಕ್ಕೆ ದೂರವಲ್ಲದ ಮಾಲಸರ ಎಂಬ ಊರಿನಲ್ಲಿ, ನರ್ಮದಾ ನದಿಯ ದಡದಲ್ಲಿ ನೆಲೆಸಿದ್ದ ಪರಮಹಂಸ ಮಾಧವದಾಸರನ್ನು ಭೇಟಿಯಾಗಿದ್ದರು. ಮಾಧವದಾಸರು ಬಂಗಾಳದವರು. ಮನೆ ಬಿಟ್ಟು ದೇಶವೆಲ್ಲ ಸುತ್ತಿ, ವೃದ್ಧಾಪ್ಯದಲ್ಲಿ ಗುಜರಾತಿನಲ್ಲಿ ನಿಂತವರು. 1921ರಲ್ಲಿ ಅವರು ತೀರಿಕೊಂಡರು. ಹಾಗಾಗಿ ಗುಣೆಯವರಿಗೆ ಅವರ ಸಾನ್ನಿಧ್ಯ ದೊರೆತದ್ದು ಎರಡೇ ವರ್ಷ. ಆದರೆ ಇದೇ ಗುರುವಿನ ಇನ್ನೊಬ್ಬ ಶಿಷ್ಯ ಶ್ರೀ ಯೋಗೇಂದ್ರರು 1918ರಲ್ಲಿ ಮುಂಬಯಿಯಲ್ಲಿ ಯೋಗ ಸಂಸ್ಥೆಯನ್ನು ಸ್ಥಾಪಿಸಿ ಗೃಹಸ್ಥರಿಗೆ ಯೋಗ ಕಲಿಸತೊಡಗಿದ್ದನ್ನು ನೆನೆದರೆ, ನದೀತೀರದ ಆ ಮುದುಕರ ಬಳಿ ಲೋಕಕ್ಕೆ ಬೆನ್ನು ಹಾಕುವುದನ್ನು ಬಿಟ್ಟು ಬೇರೇನನ್ನೋ ಕಲಿಸುವ ಶಕ್ತಿ ಇದ್ದಿರಬೇಕು ಅನಿಸುತ್ತದೆ.

ಗುರುವಿನಿಂದ ಕಲಿತ ಕ್ರಿಯೆಗಳು ದೇಹದೊಳಗೆ ಏನು ಮಾಡುತ್ತವೆ ಎಂಬ ಪ್ರಶ್ನೆ ಗುಣೆಯವರನ್ನು ಕಾಡಿತು. ಹಠಯೋಗದ ಗ್ರಂಥಗಳು ಅದಕ್ಕೆ ತಮ್ಮದೇ ಪರಿಭಾಷೆಯಲ್ಲಿ ಉತ್ತರ ಕೊಟ್ಟಿದ್ದವು. ಆ ಉತ್ತರ ನಿಜವೇ ಎಂದು ತಿಳಿಯಲು 1920-21ರ ಸುಮಾರಿಗೆ ಅವರು ಬರೋಡದ ಆಸ್ಪತ್ರೆಯಲ್ಲಿ ತಮ್ಮ ವಿದ್ಯಾರ್ಥಿಗಳ ನೆರವಿನಿಂದ ಉಡ್ಡಿಯಾನ ಬಂಧ ಮತ್ತು ನೌಲಿ ಕ್ರಿಯೆಗಳನ್ನು ಕ್ಷ-ಕಿರಣದ ಕಣ್ಣಿಗೆ ಒಡ್ಡಿದರು. ನೌಲಿ ಎಂದರೆ ಹೊಟ್ಟೆಯ ನಡುವಿನ ಸ್ನಾಯುಗಳನ್ನು ಬೇರ್ಪಡಿಸಿ ಕಂಬದಂತೆ ನಿಲ್ಲಿಸುವುದು. ಆಗ ದೊಡ್ಡ ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ, ನೀರು ತಾನಾಗಿ ಮೇಲೇರುವುದು ಅದರಿಂದ ಎಂದು ಅವರು ತೋರಿಸಿದರು. ಹೀಗೆ ಉಂಟಾಗುವ ಭಾಗಶಃ ನಿರ್ವಾತಕ್ಕೆ ಗುರುವಿನ ಹೆಸರಿಟ್ಟು ಮಾಧವದಾಸ ನಿರ್ವಾತ ಎಂದು ಕರೆದರು. ಗುರುದಕ್ಷಿಣೆಯನ್ನು ಭೌತಶಾಸ್ತ್ರದ ಭಾಷೆಯಲ್ಲಿ ಸಲ್ಲಿಸಿದ ಶಿಷ್ಯರು ನಮ್ಮಲ್ಲಿ ಅಪರೂಪ.

1924ರಲ್ಲಿ, ಮುಂಬಯಿ ಮತ್ತು ಪುಣೆಯ ನಡುವೆ ಸಹ್ಯಾದ್ರಿಯ ನೆತ್ತಿಯ ಮೇಲಿರುವ ಲೋನಾವಳದಲ್ಲಿ ಕೈವಲ್ಯಧಾಮ ಆರಂಭವಾಯಿತು. ಅದೇ ವರ್ಷ ಯೋಗ ಮೀಮಾಂಸಾ ಎಂಬ ಇಂಗ್ಲಿಷ್ ತ್ರೈಮಾಸಿಕವೂ ಹೊರಬಂತು. ಯೋಗದ ವೈಜ್ಞಾನಿಕ ಶೋಧನೆಗೇ ಮೀಸಲಾದ ಮೊದಲ ನಿಯತಕಾಲಿಕ ಅದು. ಅದರ ವಿನ್ಯಾಸವೇ ಕುವಲಯಾನಂದರ ಮನಸ್ಸಿನ ನಕ್ಷೆಯಂತಿತ್ತು. ಒಂದು ವಿಭಾಗ ಶುದ್ಧ ವೈಜ್ಞಾನಿಕ: ಪ್ರಯೋಗದ ವಿಧಾನ, ಅಂಕಿಅಂಶ, ಕ್ಷ-ಕಿರಣ ಚಿತ್ರಗಳು. ಇನ್ನೊಂದು ಅರೆವೈಜ್ಞಾನಿಕ: ಆ ಫಲಿತಾಂಶಗಳ ಅರ್ಥವೇನೆಂಬ ಚರ್ಚೆ. ಮೂರನೆಯದು ಜನಸಾಮಾನ್ಯರಿಗೆ: ಆಸನ ಮಾಡುವ ಬಗೆ, ಚಿತ್ರಸಹಿತ. ಗೊತ್ತಾದದ್ದು ಯಾವುದು, ಊಹೆ ಯಾವುದು ಎಂಬ ಗೆರೆಯನ್ನು ಓದುಗನ ಕಣ್ಣಿಗೆ ಕಾಣುವಂತೆ ಎಳೆಯುವ ಈ ಶಿಸ್ತು ಇಂದಿನ ಯೋಗ ಸಾಹಿತ್ಯದ ಬಹುಭಾಗದಲ್ಲಿ ಇಲ್ಲ ಎಂದು ವಿಷಾದದಿಂದಲೇ ಹೇಳಬೇಕು.

ಉಸಿರು ಮತ್ತು ಆಮ್ಲಜನಕ

ಅವರ ಸಂಶೋಧನೆಯಲ್ಲಿ ಇಂದಿನ ಉದ್ಯೋಗಸ್ಥರಿಗೆ ಹೆಚ್ಚು ಸಂಬಂಧಿಸಿದ್ದು ಪ್ರಾಣಾಯಾಮದ ಭಾಗ. ದೀರ್ಘವಾಗಿ ಉಸಿರೆಳೆದರೆ ಹೆಚ್ಚು ಆಮ್ಲಜನಕ ಒಳಸೇರುತ್ತದೆ, ಮಿದುಳು ಚುರುಕಾಗುತ್ತದೆ ಎಂದು ಆಗಿನ ಪಾಶ್ಚಾತ್ಯ ವ್ಯಾಯಾಮ ಪಟುಗಳೂ ಹೇಳುತ್ತಿದ್ದರು, ಇಂದಿನ ಶಿಬಿರಗಳಲ್ಲೂ ಹೇಳುತ್ತಾರೆ. ಕುವಲಯಾನಂದರು ಇದನ್ನು ಒಪ್ಪಲಿಲ್ಲ. ಪ್ರಾಣಾಯಾಮದ ಮಹತ್ವ ಹೆಚ್ಚುವರಿ ಆಮ್ಲಜನಕದಲ್ಲಿಲ್ಲ, ಎದೆ ಮತ್ತು ಹೊಟ್ಟೆಯೊಳಗಿನ ಒತ್ತಡದ ಬದಲಾವಣೆಗಳಲ್ಲಿ ಮತ್ತು ನರಮಂಡಲದ ಮೇಲೆ ದೊರೆಯುವ ಹತೋಟಿಯಲ್ಲಿದೆ ಎಂಬುದು ಅವರ ನಿಲುವು. ಆರೋಗ್ಯವಂತನ ರಕ್ತದಲ್ಲಿ ಆಮ್ಲಜನಕ ಹೇಗೂ ಬಹುಪಾಲು ತುಂಬಿಯೇ ಇರುತ್ತದೆ ಎಂದು ತಿಳಿದಿರುವ ಇಂದಿನ ವೈದ್ಯರಿಗೆ ಈ ನಿಲುವು ಸರಿಯಾದ ದಿಕ್ಕಿನದೆಂದು ಕಂಡೀತು. ನಿಧಾನವಾದ ಉಸಿರಾಟ ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಗ್ಗಿಸಿ, ಶರೀರವನ್ನು ಕಾದಾಟದ ಸ್ಥಿತಿಯಿಂದ ವಿಶ್ರಾಂತಿಯ ಕಡೆಗೆ ತಿರುಗಿಸುತ್ತದೆ ಎಂಬುದು ಈಗ ವ್ಯಾಪಕವಾಗಿ ಸ್ವೀಕೃತವಾದ ವಿವರಣೆ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಒತ್ತಡದ ಬಗೆಗಿನ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಪ್ರಕಟಿಸಿದ್ದು 1936ರಲ್ಲಿ. ಅದಕ್ಕೂ ಮೊದಲೇ, ಆ ಪರಿಭಾಷೆಯ ನೆರವಿಲ್ಲದೆ, ಲೋನಾವಳದಲ್ಲಿ ಈ ಕೆಲಸ ನಡೆದಿತ್ತು.

ಹಾಗೆಂದು ಅವರು ಹೇಳಿದ್ದೆಲ್ಲ ನಿಂತಿದೆ ಎಂದಲ್ಲ. ಸರ್ವಾಂಗಾಸನದಿಂದ ಥೈರಾಯ್ಡ್ ಗ್ರಂಥಿಗೆ ರಕ್ತ ಸಂಚಾರ ಹೆಚ್ಚಿ ಅದು ಪುಷ್ಟವಾಗುತ್ತದೆ ಎಂಬಂಥ ವಿವರಣೆಗಳನ್ನು ಅವರು ಆತ್ಮವಿಶ್ವಾಸದಿಂದಲೇ ಬರೆದರು. ಗ್ರಂಥಿಗಳ ವಿಜ್ಞಾನ ಆಗತಾನೆ ಕಣ್ಣು ಬಿಡುತ್ತಿತ್ತು. ಎಲ್ಲದಕ್ಕೂ ಗ್ರಂಥಿಯೇ ಕಾರಣವೆಂದು ಯುರೋಪಿನಲ್ಲೂ ಹೇಳುತ್ತಿದ್ದ ಕಾಲ. ಆ ಊಹೆಗಳಿಗೆ ಗಟ್ಟಿ ಆಧಾರ ಆಮೇಲೂ ದೊರೆತಿಲ್ಲ. ಆದರೂ ಅವು ನಮ್ಮ ಯೋಗ ತರಗತಿಗಳಲ್ಲಿ ವೇದವಾಕ್ಯದಂತೆ ಪುನರಾವರ್ತನೆಯಾಗುತ್ತಿವೆ. ಲೋನಾವಳದ ಅಳತೆಗಳನ್ನು ಮರೆತು ಲೋನಾವಳದ ಊಹೆಗಳನ್ನು ನೆನಪಿಟ್ಟುಕೊಂಡದ್ದು ಶಿಷ್ಯರ ದೋಷ.

ಒಬ್ಬ ಶಿಷ್ಯನ ಒಗ್ಗದ ಫಲಿತಾಂಶ

ಇನ್ನು ಬುದ್ಧಿಯ ವಿಚಾರ. 1930ರ ದಶಕದ ಆರಂಭದಲ್ಲಿ ಕೇರಳ ಮೂಲದ ಕೋವೂರ್ ತಾಮಸ್ ಬೆಹನಾನ್ ಎಂಬ ತರುಣ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಲೋನಾವಳಕ್ಕೆ ಬಂದರು. ಮನಶ್ಶಾಸ್ತ್ರದ ವಿದ್ಯಾರ್ಥಿ. ಯೋಗವನ್ನು ಹೊರಗಿನಿಂದ ನೋಡಿ ಬರೆಯುವ ಬದಲು ತಾನೇ ಕಲಿತು ಪರೀಕ್ಷಿಸಬೇಕೆಂದು ಕುವಲಯಾನಂದರ ಬಳಿ ಅಭ್ಯಾಸಕ್ಕೆ ಕುಳಿತರು. ಅವರ ಪುಸ್ತಕ 1937ರಲ್ಲಿ ಪ್ರಕಟವಾಯಿತು. ಪ್ರಾಣಾಯಾಮದ ವೇಳೆ ಆಮ್ಲಜನಕದ ಬಳಕೆಯನ್ನು ತನ್ನ ಮೇಲೆಯೇ ಅಳೆದ ಬೆಹನಾನ್, ಉಜ್ಜಾಯಿಯಲ್ಲಿ ಅದು ಸಾಮಾನ್ಯ ಸ್ಥಿತಿಗಿಂತ ಶೇ 24.5ರಷ್ಟು, ಭಸ್ತ್ರಿಕಾದಲ್ಲಿ ಶೇ 18.5ರಷ್ಟು, ಕಪಾಲಭಾತಿಯಲ್ಲಿ ಶೇ 12ರಷ್ಟು ಹೆಚ್ಚುತ್ತದೆ ಎಂದು ಕಂಡರು. ಗುರುವಿನ ನಿಲುವಿನೊಡನೆ ಇದು ಸಲೀಸಾಗಿ ಹೊಂದುವ ಅಂಕಿಯಲ್ಲ.

ಅದಕ್ಕಿಂತ ಕುತೂಹಲದ್ದು ಬುದ್ಧಿಶಕ್ತಿಯ ಪರೀಕ್ಷೆ. ಬೆಹನಾನ್ ಅವರು ಕೂಡುವ ಲೆಕ್ಕ, ಸಂಕೇತಗಳನ್ನು ಬಿಡಿಸುವುದು, ಬಣ್ಣಗಳನ್ನು ಗುರುತಿಸಿ ಹೆಸರಿಸುವುದು ಮೊದಲಾದ ಕೆಲಸಗಳನ್ನು ಪ್ರಾಣಾಯಾಮಕ್ಕೆ ಮುಂಚೆ ಮತ್ತು ಅನಂತರ ದಿನದಿನವೂ ಮಾಡಿ ವೇಗವನ್ನು ದಾಖಲಿಸಿದರು. ಪ್ರಾಣಾಯಾಮವಾದ ಕೂಡಲೇ ಬುದ್ಧಿ ಚುರುಕಾಗುವ ಬದಲು ನಿಧಾನವಾಗಿತ್ತು! ಅದರ ಜೊತೆಗೆ ಮನಸ್ಸಿಗೆ ಹಿತವಾದ, ಗಾಢವಾದ ಶಾಂತಿಯ ಅನುಭವ ಆಗುತ್ತಿತ್ತು. ಪ್ರಾಣಾಯಾಮ ಗಮನವನ್ನು ಹೊರಗಿನ ವ್ಯವಹಾರದಿಂದ ಹಿಂತೆಗೆದು ಒಳಮುಖವಾಗಿಸುತ್ತದೆ, ಯೋಗಿಗೆ ಬೇಕಾದ್ದೂ ಅದೇ ಎಂಬುದು ಈ ಫಲಿತಾಂಶದ ಸಹಜ ಅರ್ಥ. ಲೆಕ್ಕದ ಹಾಳೆಯ ಮುಂದೆ ಕೂರಲಿರುವ ಗುಮಾಸ್ತನಿಗೆ ಬೇಕಾದ್ದು ಅದಲ್ಲದಿರಬಹುದು.

ಪ್ರಯೋಗಕ್ಕೆ ಒಳಗಾದವನು ಒಬ್ಬನೇ, ಪ್ರಯೋಗ ಮಾಡಿದವನೂ ಅವನೇ. ಇಂದಿನ ಮಾನದಂಡದಲ್ಲಿ ಇದನ್ನು ಪುರಾವೆ ಎನ್ನುವಂತಿಲ್ಲ. ಹಾಗಿದ್ದರೂ ಇದು ನನಗೆ ಮುಖ್ಯವಾಗಿ ಕಾಣುತ್ತದೆ. ಯೋಗದ ಸಂಸ್ಥೆಯೊಂದರಲ್ಲಿ ಕಲಿತ ವಿದ್ಯಾರ್ಥಿ, ಯೋಗದ ಪ್ರಚಾರಕ್ಕೆ ಒಗ್ಗದ ಉತ್ತರವನ್ನು ಅಚ್ಚು ಹಾಕಿಸಿದ. ಅಳೆಯುವ ಬಾಗಿಲನ್ನು ತೆರೆದವರು ಕುವಲಯಾನಂದರು. ಒಳಬರುವ ಗಾಳಿ ಯಾವ ದಿಕ್ಕಿನದೆಂದು ಆಯ್ದುಕೊಳ್ಳುವ ಸ್ವಾತಂತ್ರ್ಯ ಆಮೇಲೆ ಅವರಿಗೂ ಉಳಿಯಲಿಲ್ಲ.

ಈ ಒಗಟು ಮುಂದೆ ಹೇಗಾಯಿತು? ತೀರ ಇತ್ತೀಚಿನವರೆಗೂ ಅದು ಹಾಗೆಯೇ ಇತ್ತು ಎನ್ನಬೇಕು. 2013ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 30 ತರುಣಿಯರಿಗೆ ಒಂದು ದಿನ 20 ನಿಮಿಷ ಹಠಯೋಗ, ಇನ್ನೊಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ವ್ಯಾಯಾಮ ಮಾಡಿಸಿ ಪರೀಕ್ಷೆ ನಡೆಸಿದರು. ಯೋಗದ ನಂತರ ಅವರ ಪ್ರತಿಕ್ರಿಯೆ ಹೆಚ್ಚು ವೇಗವಾಗಿಯೂ ನಿಖರವಾಗಿಯೂ ಇತ್ತು. ಅದೇ ತಂಡ 55 ವರ್ಷ ದಾಟಿದ 118 ಮಂದಿಯ ಮೇಲೆ ನಡೆಸಿದ 8 ವಾರಗಳ ಅಧ್ಯಯನದಲ್ಲಿ, ಬರೀ ಮೈಸಡಿಲಿಕೆಯ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರ ಕಾರ್ಯಸ್ಮೃತಿ ಮತ್ತು ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸನ್ನು ಹೊರಳಿಸುವ ಸಾಮರ್ಥ್ಯ ಸುಧಾರಿಸಿತು. ಒತ್ತಡ ಎದುರಾದಾಗ ಸ್ರವಿಸುವ ಕಾರ್ಟಿಸಾಲ್ ಹಾರ್ಮೋನಿನ ಏರಿಕೆಯೂ ಅವರಲ್ಲಿ ಹತೋಟಿಯಲ್ಲಿತ್ತು. 2015ರಲ್ಲಿ ಇಂಥ 15 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬುದ್ಧಿಶಕ್ತಿಯ ಮೇಲಿನ ಪರಿಣಾಮ ಇದೆ, ಆದರೆ ಸಾಧಾರಣ ಪ್ರಮಾಣದ್ದು ಎಂದು ತಿಳಿದುಬಂತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಖಿನ್ನತೆಯ ರೋಗಿಗಳಲ್ಲಿ ಯೋಗ ಮತ್ತು ಕಾರ್ಟಿಸಾಲ್‌ನ ಸಂಬಂಧವನ್ನು ಕುರಿತು ಗಂಭೀರ ಅಧ್ಯಯನಗಳು ನಡೆದಿವೆ.

ಅಂದರೆ ಬೆಹನಾನ್ ತಪ್ಪು, ಈಗಿನವರು ಸರಿ ಎಂದೇ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಬೆಹನಾನ್ ಅಳೆದದ್ದು ಉಸಿರಾಟದ ಅಭ್ಯಾಸ ಮುಗಿದ ತಕ್ಷಣದ ಸ್ಥಿತಿ. ಇಂದಿನ ಪ್ರಯೋಗಗಳಲ್ಲಿ ಆಸನ, ಉಸಿರು, ವಿಶ್ರಾಂತಿ ಎಲ್ಲವೂ ಬೆರೆತಿರುತ್ತವೆ, ಹಲವು ಕಡೆ ವಾರಗಟ್ಟಲೆಯ ಅಭ್ಯಾಸದ ನಂತರ ಅಳೆಯುತ್ತಾರೆ. ಉದ್ವೇಗದಿಂದ ಚದುರಿದ ಮನಸ್ಸು ಶಾಂತವಾದಾಗ ಕೆಲಸಕ್ಕೆ ಒದಗುತ್ತದೆ ಎಂಬುದು ಒಂದು ಮಾತು, ಉಸಿರು ಬಿಗಿಹಿಡಿದ ಮಾತ್ರಕ್ಕೆ ಬುದ್ಧಿ ಹರಿತವಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರ ಕೂಡಿಬರುತ್ತಿದೆ. ಯೋಗ ಮಾಡುತ್ತಿದ್ದೇನೆಂದು ಸ್ವತಃ ಬಲ್ಲ ವ್ಯಕ್ತಿಯ ನಿರೀಕ್ಷೆಯೇ ಫಲಿತಾಂಶಕ್ಕೆ ಬಣ್ಣ ಕೊಡಬಲ್ಲದೆಂಬ ತೊಡಕು ಮಾತ್ರ ಎಲ್ಲ ಅಧ್ಯಯನಗಳಿಗೂ ಉಳಿದೇ ಇದೆ.

ಕಚೇರಿಗೆ ಹೋಗುವವರ ಯೋಗ

ಕುವಲಯಾನಂದರು ಪ್ರಯೋಗಶಾಲೆಯಲ್ಲೇ ಕುಳಿತವರಲ್ಲ. 1932ರಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಕೈವಲ್ಯಧಾಮದ ಶಾಖೆ ತೆರೆದರು. 1936ರಲ್ಲಿ ಅದು ಮರೀನ್ ಡ್ರೈವ್‌ನಲ್ಲಿ, ಚೌಪಾಟಿಯ ಪಕ್ಕದಲ್ಲಿ, ಈಶ್ವರದಾಸ್ ಚುನಿಲಾಲ್ ಯೋಗಿಕ್ ಆರೋಗ್ಯ ಕೇಂದ್ರವಾಗಿ ನೆಲೆಗೊಂಡಿತು. ಸಮುದ್ರತೀರದ ಆ ಕೇಂದ್ರಕ್ಕೆ ಬಂದವರು ಸಂಸಾರಸ್ಥರು, ನೌಕರರು, ವ್ಯಾಪಾರಿಗಳು. ನಗರದ ದುಡಿಯುವ ಮನುಷ್ಯ ಕಚೇರಿಗೆ ಹೋಗುವ ಮೊದಲು ಚಾಪೆ ಹಾಸಿ ಅರ್ಧ ಗಂಟೆ ಆಸನ ಮಾಡಿ ಹೋಗುವ, ಇಂದು ನಮಗೆ ತೀರ ಪರಿಚಿತವಾದ ಚಿತ್ರ ರೂಪುಗೊಂಡದ್ದು ಇಂಥ ಕೇಂದ್ರಗಳಲ್ಲಿ. ಆಸನಗಳ ಬಗೆಗಿನ ತಮ್ಮ ಪುಸ್ತಕದಲ್ಲಿ ಅವರು ಪೂರ್ಣ ಕ್ರಮದ ಜೊತೆಗೆ ಸಮಯವಿಲ್ಲದವರಿಗೆ, ಶಕ್ತಿಯಿಲ್ಲದವರಿಗೆ ಚಿಕ್ಕ ಹಾಗೂ ಸುಲಭ ಕ್ರಮಗಳನ್ನೂ ಕೊಟ್ಟರು. ಆಸನವೆಂದರೆ ಸರ್ಕಸ್ ಅಲ್ಲ, ನೋಯುವವರೆಗೆ ಬಗ್ಗಬಾರದು ಎಂಬ ಎಚ್ಚರಿಕೆ ಅವರ ಬೋಧನೆಯ ಉದ್ದಕ್ಕೂ ಇದೆ. ಶವಾಸನವನ್ನು ಅವರು ವಿಶ್ರಾಂತಿಯ ಆಸನವೆಂದೇ ಬೇರೆ ವರ್ಗದಲ್ಲಿಟ್ಟರು. ನಮ್ಮ ಅವಸರದ ತರಗತಿಗಳಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಮೋತಿಲಾಲ್ ನೆಹರೂ, ಮದನ ಮೋಹನ ಮಾಳವೀಯ ಮೊದಲಾದ ನಾಯಕರು ಅವರ ಸಲಹೆ ಪಡೆದರು. ಮುಂಬಯಿ ಸರ್ಕಾರದ ದೈಹಿಕ ಶಿಕ್ಷಣದ ಸಮಿತಿಗಳಲ್ಲಿ ಅವರು ದುಡಿದರು. ಶಾಲಾ ಮಕ್ಕಳು ಸಾಮೂಹಿಕವಾಗಿ ಮಾಡಬಹುದಾದ ಯೋಗ ವ್ಯಾಯಾಮದ ಪುಸ್ತಕವನ್ನು ಬರೆದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು ಎಂಬುದನ್ನು ಇಲ್ಲಿ ನೆನೆಯಬಹುದು. ಮೈಸೂರಿನ ಕಡೆಯಿಂದಲೂ ಒಂದು ಎಳೆ ಬಂದು ಸೇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ಯೋಗಶಾಲೆ ನಡೆಸುತ್ತಿದ್ದ ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮಹಾರಾಜರ ಇಚ್ಛೆಯಂತೆ ಲೋನಾವಳಕ್ಕೆ ಹೋಗಿ ಅಲ್ಲಿನ ಕೆಲಸವನ್ನು ನೋಡಿ ಬಂದಿದ್ದರು. ಮುಂದೆ ಜಗತ್ತಿನಾದ್ಯಂತ ಹರಡಿದ ಆಸನ ಪದ್ಧತಿಗಳ ಬಹುಪಾಲು ಹೊಮ್ಮಿದ್ದು ಮೈಸೂರಿನ ಆ ಶಾಲೆಯಿಂದ. ಹೆಸರು ಮೈಸೂರಿಗೆ ಬಂತು. ಅಳತೆಯ ಕೆಲಸ ಲೋನಾವಳದಲ್ಲಿ ಸದ್ದಿಲ್ಲದೆ ನಡೆಯಿತು.

ಸ್ವಾತಂತ್ರ್ಯದ ನಂತರ ಲೋನಾವಳದಲ್ಲಿ ಗೋವರ್ಧನದಾಸ್ ಸೆಕ್ಸರಿಯಾ ಯೋಗ ಮತ್ತು ಸಾಂಸ್ಕೃತಿಕ ಸಮನ್ವಯ ಕಾಲೇಜು ಆರಂಭವಾಯಿತು. 1960ರ ದಶಕದ ಆರಂಭದಲ್ಲಿ ಯೋಗ ಚಿಕಿತ್ಸೆಯ ಆಸ್ಪತ್ರೆಯೂ ಬಂತು. 1957ರಲ್ಲಿ ಅಮೆರಿಕದ ವೆಂಗರ್ ಮತ್ತು ಬಾಗ್ಚಿ ಎಂಬ ಇಬ್ಬರು ವಿಜ್ಞಾನಿಗಳು ಯೋಗಿಗಳ ಶರೀರಕ್ರಿಯೆಯನ್ನು ಅಳೆಯಲು ಉಪಕರಣ ಸಮೇತ ಭಾರತಕ್ಕೆ ಬಂದಾಗ ಅವರ ಕೆಲಸದ ಒಂದು ಮುಖ್ಯ ನೆಲೆ ಕೈವಲ್ಯಧಾಮವಾಗಿತ್ತು. ಹೃದಯವನ್ನು ನಿಲ್ಲಿಸಬಲ್ಲೆವೆಂದು ಹೆಸರಾದ ಯೋಗಿಗಳನ್ನೂ ಆ ಪ್ರವಾಸದಲ್ಲಿ ಅವರು ಪರೀಕ್ಷಿಸಿದರು. ಉಸಿರು ಹಿಡಿದು ಸ್ನಾಯು ಬಿಗಿದಾಗ ಕೈಗೆ ನಾಡಿ ಸಿಗುತ್ತಿರಲಿಲ್ಲ ನಿಜ, ಆದರೆ ಹೃದಯ ಮಿಡಿಯುತ್ತಲೇ ಇರುವುದನ್ನು ಇಸಿಜಿ ತೋರಿಸಿತು. 1961ರಲ್ಲಿ ಅದು ಪ್ರಕಟವಾಯಿತು. ಪವಾಡದ ಮೇಲೆ ಸಂಸ್ಥೆ ಕಟ್ಟಿದ್ದವರಿಗೆ ಇಂಥ ಸುದ್ದಿ ಆಘಾತವಾಗುತ್ತಿತ್ತು. ಕುವಲಯಾನಂದರು ಪವಾಡವನ್ನು ಎಂದೂ ಮಾರಿರಲಿಲ್ಲ, ಆದ್ದರಿಂದ ಕಳೆದುಕೊಳ್ಳಲು ಏನೂ ಇರಲಿಲ್ಲ.

ಅವರ ಮೇಲೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಯೋಗವನ್ನು ರಕ್ತದೊತ್ತಡ, ಗ್ರಂಥಿ, ನರಗಳ ಭಾಷೆಗೆ ಇಳಿಸಿದ ಮೇಲೆ ಅದು ಮಾತ್ರೆಯ ಬದಲಿಗೆ ಬಳಸುವ ವಸ್ತುವಾಗಿ ಉಳಿಯಿತು, ಮೋಕ್ಷದ ಮಾತು ಮರೆಯಾಯಿತು ಎಂಬುದು ಆ ಆಕ್ಷೇಪ. ಸಂಸ್ಥೆಗೆ ಕೈವಲ್ಯಧಾಮವೆಂದು ಹೆಸರಿಟ್ಟು, ಗೋರಕ್ಷಶತಕದಂಥ ಪ್ರಾಚೀನ ಗ್ರಂಥವನ್ನು ಪರಿಷ್ಕರಿಸಿ ಪ್ರಕಟಿಸಿದ ಸಂಸ್ಕೃತ ವಿದ್ವಾಂಸರಿಗೆ ಕೈವಲ್ಯದ ಅರ್ಥ ಗೊತ್ತಿರಲಿಲ್ಲವೆನ್ನಲಾಗದು. ದೇಹದ ಅಳತೆಯಿಂದ ಹೊರಟು ಆತ್ಮದ ಕಡೆಗೆ ದಾರಿ ಮಾಡಬಹುದೆಂದು ಅವರು ನಂಬಿದ್ದರು. ಆ ದಾರಿಯ ಮೊದಲ ಮೈಲಿಗಲ್ಲಿನಲ್ಲೇ ಜನ ಇಳಿದುಕೊಂಡರು. ನಿದ್ದೆ ಬಂದರೆ ಸಾಕು, ತಲೆನೋವು ಹೋದರೆ ಸಾಕು ಎನ್ನುವ ದುಡಿಯುವ ಮಂದಿಯನ್ನು ಅದಕ್ಕಾಗಿ ದೂರುವುದೂ ನ್ಯಾಯವಲ್ಲ.

1966ರ ಏಪ್ರಿಲ್ 18ರಂದು, 82ನೆಯ ವಯಸ್ಸಿನಲ್ಲಿ ಕುವಲಯಾನಂದರು ನಿಧನರಾದರು. ಶಿಷ್ಯ ಸ್ವಾಮಿ ದಿಗಂಬರಜಿ ಸಂಸ್ಥೆಯ ಹೊಣೆ ಹೊತ್ತರು. 2019ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ದೇಶೀ ವೈದ್ಯ ಪದ್ಧತಿಗಳ 12 ಮಂದಿ ಮಹನೀಯರ ಸ್ಮರಣಾರ್ಥ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದು ಕುವಲಯಾನಂದರದಾಗಿತ್ತು. ಅಂದು ಅವರ ಜನ್ಮದಿನವೂ ಹೌದು. ಯೋಗ ಮೀಮಾಂಸಾ ಪತ್ರಿಕೆ ನೂರು ವರ್ಷ ದಾಟಿದೆ. ಅದರ ಮೊದಲ ಸಂಪುಟದಲ್ಲಿ ಅಚ್ಚಾದ ಕ್ಷ-ಕಿರಣ ಚಿತ್ರಗಳಲ್ಲಿ ಹೆಸರು ಉಳಿಯದ ಆ ಬರೋಡದ ವಿದ್ಯಾರ್ಥಿಗಳ ಬೆನ್ನೆಲುಬು, ಕರುಳು ಈಗಲೂ ಕಾಣುತ್ತವೆ.